ಮಿಡ್ಲ್ ಸ್ಕೂಲಿನ ಡಿಸೆಂಬರ್: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಸೋಮವಾರದಿಂದ ಚಳಿಗಾಲದ ರಜೆಯವರೆಗೆ ಸಿಗುವುದು ಮೂರು ವಾರ, ಹೆಚ್ಚೆಂದರೆ ನಾಲ್ಕು. ಸಂಗೀತ ಕಾರ್ಯಕ್ರಮ, ಪರೀಕ್ಷೆ, ದಾನದ ಪೆಟ್ಟಿಗೆ, ವೇಷದ ದಿನ, ಅರ್ಧ ದಿನದ ಶಾಲೆ ಎಲ್ಲವೂ ಈ ವಾರಗಳಿಗೇ ಒತ್ತರಿಸಿಕೊಂಡು ಬರುತ್ತವೆ. ಆಗಸ್ಟಿನಲ್ಲಿ ಊರಿನಿಂದ ಬಂದಿಳಿದವರಿಗೆ ಬಸ್ಸಿನ ಸಮಯ, ಲಾಕರಿನ ಬೀಗ ಆಗಷ್ಟೇ ರೂಢಿಯಾಗಿರುತ್ತವೆ. ನಮ್ಮ ಕನ್ನಡ ಸಂಘದ ಸ್ವಯಂಸೇವಕರಿಗೆ ಜನವರಿಯಲ್ಲಿ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ‘ನಮಗೆ ಯಾರೂ ಹೇಳಲೇ ಇಲ್ಲ.’ ಶಾಲೆ ತನ್ನ ವಾರದ ಪತ್ರದಲ್ಲಿ ಹೇಳಿರುತ್ತದೆ. ನಾವು ಓದಿರುವುದಿಲ್ಲ. ಹಾಗಾಗಿ ಮೊದಲು ಆ ಪತ್ರದ ವಿಷಯ.

ಮುಖ್ಯೋಪಾಧ್ಯಾಯರ ವಾರದ ಪತ್ರ

ಮಿಡ್ಲ್ ಸ್ಕೂಲ್ ಎಂದರೆ ಸಾಮಾನ್ಯವಾಗಿ 6ರಿಂದ 8ನೇ ತರಗತಿ. ಅಲ್ಲಿಯವರೆಗೆ ಮಗುವಿಗೆ ಒಬ್ಬರೇ ತರಗತಿ ಶಿಕ್ಷಕರಿರುತ್ತಾರೆ. ಇಲ್ಲಿ ಆರೋ ಏಳೋ ಜನ. ಊರಿನ ಶಾಲೆಯಲ್ಲಿದ್ದಂತೆ ಡೈರಿ ತೆರೆದು ‘ಪೋಷಕರ ಸಹಿ’ ಕೇಳುವವರು ಯಾರೂ ಇಲ್ಲ. ಆಮಂತ್ರಣ ಪತ್ರಿಕೆ ಅಚ್ಚಾಗಿ ಮನೆಗೆ ಬರುವುದಿಲ್ಲ. ವಾರಕ್ಕೊಮ್ಮೆ ಮುಖ್ಯೋಪಾಧ್ಯಾಯರಿಂದ ಇಮೇಲ್ ಬರುತ್ತದೆ, ಉದ್ದವಾಗಿ, ಚಿತ್ರಗಳೊಂದಿಗೆ. ನಿಮಗೆ ಬೇಕಾದ ದಿನಾಂಕ ಅದರ ಐದನೆಯ ಪ್ಯಾರಾದಲ್ಲಿರುತ್ತದೆ. ಒಮ್ಮೆ ಬರೆದು ಕಳುಹಿಸಿದರೆ ಪೋಷಕರಿಗೆ ತಿಳಿಯಿತು ಎಂದೇ ಇಲ್ಲಿನ ಶಾಲೆ ಭಾವಿಸುತ್ತದೆ.

ದಾಖಲಾತಿಯ ಸಮಯದಲ್ಲಿ ನಮ್ಮಲ್ಲಿ ಅನೇಕರು ಅಪ್ಪನ ಇಮೇಲ್ ಒಂದನ್ನೇ ಕೊಟ್ಟಿರುತ್ತೇವೆ, ಅದೂ ಕಚೇರಿಯದು. ಅಪ್ಪ ಪತ್ರ ತೆರೆಯುವುದಿಲ್ಲ, ಅಮ್ಮನಿಗೆ ಪತ್ರ ಬರುವುದೇ ಇಲ್ಲ. ಇವತ್ತೇ ಶಾಲೆಯ ಕಚೇರಿಗೆ ಹೇಳಿ ಇಬ್ಬರ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನೂ ಸೇರಿಸಿ. ಶಾಲೆ ಬಳಸುವ ಆ್ಯಪ್ ಯಾವುದೆಂದು ಕೇಳಿಕೊಳ್ಳಿ. ಅಂಕಗಳಿಗೊಂದು, ಸಂದೇಶಗಳಿಗೆ ಇನ್ನೊಂದು ಇರುವುದು ಸಾಮಾನ್ಯ. ಇಂಗ್ಲಿಷ್ ತೊಡಕಾದರೆ ಸಂಕೋಚ ಬೇಡ. ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ಮುಖ್ಯ ವಿಷಯಗಳನ್ನು ತಿಳಿಸುವುದು ಇಲ್ಲಿನ ಕಾನೂನಿನ ಪ್ರಕಾರ ಶಾಲೆಯ ಹೊಣೆ, ದುಭಾಷಿಯನ್ನು ಕೇಳಿದರೆ ಶುಲ್ಕವಿಲ್ಲ. ಮಗುವನ್ನೇ ದುಭಾಷಿ ಮಾಡಬೇಡಿ. ಅವರು ತಮಗೆ ಬೇಕಾದಷ್ಟನ್ನೇ ಅನುವಾದಿಸುತ್ತಾರೆ.

ವಿಂಟರ್ ಕಾನ್ಸರ್ಟ್

ಈ ಭಾಗ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾವು ಬಂದ ವರ್ಷ ಮಗಳು 6ನೇ ತರಗತಿ. ಬ್ಯಾಂಡಿಗೆ ಸೇರಿ ಕ್ಲಾರಿನೆಟ್ ಹಿಡಿದಿದ್ದಳು. ಮೂರು ತಿಂಗಳು ಮನೆಯಲ್ಲಿ ಅದೇ ನಾಲ್ಕು ಸ್ವರಗಳು. ಕಾನ್ಸರ್ಟ್ ಸಂಜೆ 6:30ಕ್ಕೆ ಎಂದು ಅವಳು ಹೇಳಿದ್ದಳು. ಅವಳನ್ನು 6 ಗಂಟೆಗೇ ಗೆಳತಿಯ ಅಮ್ಮ ಕರೆದುಕೊಂಡು ಹೋದರು. ನಾವಿಬ್ಬರೂ ಕೆಲಸ ಮುಗಿಸಿ, ಮುಖ ತೊಳೆದು, 7 ಗಂಟೆಗೆ ಜಿಮ್ ಹಾಲಿನ ಬಾಗಿಲು ತಳ್ಳಿದೆವು. ಊರಿನಲ್ಲಿ 6:30 ಎಂದರೆ ದೀಪ ಬೆಳಗಿ, ಸ್ವಾಗತ ಭಾಷಣ ಆಗಿ, ಮುಖ್ಯ ಅತಿಥಿಗಳು ಮಾತು ಮುಗಿಸುವಷ್ಟರಲ್ಲಿ ಏಳೂವರೆ. ಇಲ್ಲಿ 6:30 ಎಂದರೆ 6:30ಕ್ಕೆ ಮೊದಲ ಸ್ವರ. ಅದೂ ಚಿಕ್ಕ ತರಗತಿಯವರದು ಮೊದಲು. ಮಗಳು ಮೆಟ್ಟಿಲು ಬೆಂಚಿನ ಮೇಲೆ ಕುಳಿತು ಕ್ಲಾರಿನೆಟ್ಟನ್ನು ತುಂಡು ತುಂಡಾಗಿ ಬಿಚ್ಚಿ, ಒಳಗೆ ಬಟ್ಟೆ ಎಳೆದು ಒರೆಸಿ, ಒಂದೊಂದೇ ಭಾಗವನ್ನು ಪೆಟ್ಟಿಗೆಯ ನೀಲಿ ಗುಳಿಗಳಲ್ಲಿ ಇಡುತ್ತಿದ್ದಳು. ‘ನಮ್ಮದು ಆಗಲೇ ಮುಗಿಯಿತಮ್ಮ’ ಎಂದಳು. ಅಳಲಿಲ್ಲ. ಪೆಟ್ಟಿಗೆಯ ಚಿಲಕ ಹಾಕಿದಳು. ಅವಳೀಗ ಕಾಲೇಜಿನಲ್ಲಿದ್ದಾಳೆ, ಆ ಚಿಲಕದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಿಮ್ಮ ಮನೆಯಲ್ಲಿ ಇದು ಆಗಬಾರದು.

ಹತ್ತು ನಿಮಿಷ ಮೊದಲೇ ಹೋಗಿ ಕುಳಿತುಕೊಳ್ಳಿ. ಮಕ್ಕಳು ಬರಬೇಕಾದ ಸಮಯ ಬೇರೆ, ಪ್ರೇಕ್ಷಕರದು ಬೇರೆ. ಪತ್ರದಲ್ಲಿ ಎರಡೂ ಇರುತ್ತವೆ. ಅನೇಕ ಶಾಲೆಗಳಲ್ಲಿ ಬ್ಯಾಂಡ್, ಆರ್ಕೆಸ್ಟ್ರಾ, ಕಾಯರ್ (ಹಾಡುವ ತಂಡ) ಮಕ್ಕಳಿಗೆ ಈ ಕಾನ್ಸರ್ಟಿಗೂ ಅಂಕವಿರುತ್ತದೆ. ಬರಲಾಗದಿದ್ದರೆ ಸಂಗೀತ ಶಿಕ್ಷಕರಿಗೆ ವಾರಗಳ ಮುಂಚೆಯೇ ಬರೆದು ತಿಳಿಸಬೇಕು, ಮರುದಿನ ಅಲ್ಲ.

ಉಡುಪಿನ ವಿಷಯದಲ್ಲಿ ‘ಆಲ್ ಬ್ಲ್ಯಾಕ್’ ಎಂದಿದ್ದರೆ ಕಪ್ಪು ಅಂಗಿ, ಕಪ್ಪು ಪ್ಯಾಂಟು ಅಥವಾ ಉದ್ದ ಲಂಗ, ಕಪ್ಪು ಕಾಲುಚೀಲ, ಕಪ್ಪು ಶೂ. ಕಡುನೀಲಿ ನಡೆಯುವುದಿಲ್ಲ. ಬಿಳಿ ಕಾಲುಚೀಲ ವೇದಿಕೆಯ ದೀಪದಲ್ಲಿ ದೂರಕ್ಕೇ ಹೊಳೆಯುತ್ತದೆ. ಶುಭ ದಿನಕ್ಕೆ ಮೈತುಂಬ ಕಪ್ಪೇ ಎಂದು ಅಜ್ಜಿಯರು ಬೇಸರಪಟ್ಟರೆ, ಅದು ಇಲ್ಲಿನ ವಾದ್ಯಗಾರರ ಉಡುಪು ಎಂದು ತಿಳಿಸಿ ಹೇಳಿ. ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ನಮ್ಮ ಸಂಘದ ಮನೆಗಳಲ್ಲಿ ಬೆಳೆದ ಮಕ್ಕಳ ಕಪ್ಪು ಬಟ್ಟೆಗಳು ಕೈಯಿಂದ ಕೈಗೆ ಸಾಗುತ್ತಿವೆ, ಕೇಳಿ ಪಡೆದುಕೊಳ್ಳಿ.

ನಿಮ್ಮ ಮಗುವಿನ ತಂಡ ಮುಗಿದ ಕೂಡಲೇ ಎದ್ದು ಹೊರಡಬೇಡಿ. ಉಳಿದವರ ಮಕ್ಕಳೂ ನುಡಿಸುವುದಿದೆ. ಹಾಡಿನ ನಡುವೆ ಓಡಾಡಬೇಡಿ. ನಿರ್ದೇಶಕರ ಕೈ ಕೆಳಗಿಳಿದ ಮೇಲೆ ಚಪ್ಪಾಳೆ. ಮೊಬೈಲಿನ ದೀಪ ಆರಿಸಿ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡಕ್ಕೂ ಮನೆಯಾದ ನಾಡಿನಿಂದ ಬಂದವರು ನಾವು. ಮಕ್ಕಳ ನಾಲ್ಕು ಸ್ವರವನ್ನು ಕೂತು ಕೇಳುವ ತಾಳ್ಮೆ ನಮಗಿರಬೇಕು.

ಸಂಘದ ಸಂಕ್ರಾಂತಿ ಕಾರ್ಯಕ್ರಮದ ತಾಲೀಮು ಅದೇ ಸಂಜೆ ಬಿದ್ದರೆ ಶಾಲೆಯ ಕಾನ್ಸರ್ಟೇ ಮೊದಲು. ನೃತ್ಯ ಕಲಿಸುವವರಿಗೂ ಇದನ್ನು ಹೇಳಿದ್ದೇವೆ.

ಊರಿಗೆ ಹೋಗುವ ಟಿಕೆಟ್

ರಜೆ ಇರುವುದು ಸುಮಾರು ಎರಡು ವಾರ. ನಮ್ಮ ಪ್ರಯಾಣಕ್ಕೆ ಅದು ಸಾಲದು, ನಿಜ. ಡಿಸೆಂಬರ್ ಮೊದಲ ವಾರದ ಟಿಕೆಟ್ ಅಗ್ಗ. ಅಲ್ಲಿಗೆ ಹೋದ ಮೇಲೆ ‘ಇನ್ನೇನು ಸಂಕ್ರಾಂತಿ ಬಂತು, ಎಳ್ಳು ಬೀರಿಸಿಕೊಂಡೇ ಹೋಗಿ’ ಎನ್ನುತ್ತಾರೆ ಅತ್ತೆ. ಕರುಳು ಎಳೆಯುತ್ತದೆ. ಆದರೆ ಲೆಕ್ಕವನ್ನು ಮೊದಲೇ ಹಾಕಿ. ಹೆಚ್ಚಿನ ರಾಜ್ಯಗಳಲ್ಲಿ ಶಾಲಾ ವರ್ಷ ಸುಮಾರು 180 ದಿನ. ಅದರ ಶೇಕಡಾ 10, ಅಂದರೆ 18 ದಿನ ತಪ್ಪಿದರೆ ಆ ವಿದ್ಯಾರ್ಥಿಯನ್ನು ‘ದೀರ್ಘ ಗೈರುಹಾಜರಿ’ಯ ಸಾಲಿಗೆ ಸೇರಿಸುವುದು ವಾಡಿಕೆ, ಜ್ವರದ ದಿನಗಳೂ ಇದರಲ್ಲಿ ಸೇರುತ್ತವೆ. ರಜೆಗೆ ಮುಂಚೆ ಎರಡು ವಾರ, ನಂತರ ಎರಡು ವಾರ ತಪ್ಪಿಸಿದರೆ ಒಂದೇ ಪ್ರಯಾಣಕ್ಕೆ ಸುಮಾರು 20 ದಿನ ಹೋಯಿತು.

ಕುಟುಂಬದ ಪ್ರವಾಸವನ್ನು ಅನೇಕ ಕಡೆ ಸಕಾರಣ ಗೈರುಹಾಜರಿ ಎಂದು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಷದಲ್ಲಿ ಮೂರು ಪೂರ್ಣ ದಿನ ಸಕಾರಣವಿಲ್ಲದೆ ತಪ್ಪಿಸಿದರೆ ಕಾನೂನಿನ ದೃಷ್ಟಿಯಲ್ಲಿ ಮಗು ‘ಟ್ರೂಯಂಟ್’, ಅಂದರೆ ಶಾಲೆ ತಪ್ಪಿಸುವ ವಿದ್ಯಾರ್ಥಿ. ಕೆಲವು ಕಡೆ ಸತತವಾಗಿ ಇಂತಿಷ್ಟು ದಿನ ಎಂಬ ಮಿತಿ ದಾಟಿ ಬಾರದಿದ್ದರೆ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತಾರೆ. ನಮ್ಮ ಪರಿಚಯದ ಕುಟುಂಬವೊಂದು ಜನವರಿ ಕೊನೆಯಲ್ಲಿ ವಾಪಸಾದಾಗ ಆದದ್ದು ಇದೇ. ಬಾಡಿಗೆ ಕರಾರು, ಲಸಿಕೆಯ ದಾಖಲೆ ಎಲ್ಲವನ್ನೂ ಮತ್ತೆ ಹೊತ್ತುಕೊಂಡು ಹೋಗಿ ಮಗನನ್ನು ಹೊಸದಾಗಿ ಸೇರಿಸಬೇಕಾಯಿತು. ಅವನು ಇಷ್ಟಪಟ್ಟು ಸೇರಿದ್ದ ಆರ್ಟ್ ತರಗತಿಯಲ್ಲಿ ಆ ಹೊತ್ತಿಗೆ ಜಾಗವಿರಲಿಲ್ಲ.

ಆದ್ದರಿಂದ ಟಿಕೆಟ್ ಕೊಳ್ಳುವ ಮುಂಚೆ ಶಾಲೆಯ ಹಾಜರಾತಿ ವಿಭಾಗಕ್ಕೆ ಮತ್ತು ಮಗುವಿಗೆ ಮಾರ್ಗದರ್ಶನ ಮಾಡುವ ಕೌನ್ಸೆಲರ್‌ಗೆ ಬರೆಯಿರಿ. ಕೇಳಬೇಕಾದ ಪ್ರಶ್ನೆಗಳು: ಸತತ ಎಷ್ಟು ದಿನದ ಮಿತಿ? ಮುಂಚಿತವಾಗಿ ಅರ್ಜಿ ಸಲ್ಲಿಸಿ ಊರಿನಲ್ಲಿದ್ದುಕೊಂಡೇ ಪಾಠ ಓದಿ ಬರೆಯುವ ಒಪ್ಪಂದ ಮಾಡಿಕೊಳ್ಳಬಹುದೇ? ತಪ್ಪಿದ ಪರೀಕ್ಷೆಯನ್ನು ಬಂದ ಮೇಲೆ ಬರೆಯಬಹುದೇ? ಮೊದಲ ಸೆಮಿಸ್ಟರ್ ರಜೆಗೆ ಮುಂಚೆ ಮುಗಿಯುತ್ತದೆಯೋ, ಜನವರಿಯಲ್ಲೋ? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಜನವರಿಯಲ್ಲಿ ಮುಗಿಯುವ ಕಡೆ ನೀವು ಎಳ್ಳು ಬೀರುವ ದಿನಗಳಲ್ಲೇ ಇಲ್ಲಿ ಅಂತಿಮ ಪರೀಕ್ಷೆಗಳು ನಡೆಯುತ್ತಿರುತ್ತವೆ.

‘ಮಗುವಿಗೆ ಹುಷಾರಿಲ್ಲ’ ಎಂದು ಸುಳ್ಳು ಬರೆಯಬೇಡಿ. ಇದನ್ನು ಕಟುವಾಗಿಯೇ ಹೇಳುತ್ತಿದ್ದೇನೆ. ವಾಪಸು ಬಂದ ಮಗು ಅಜ್ಜಿಯ ಮನೆಯ ಕರುವಿನ ಕಥೆಯನ್ನು ತರಗತಿಯಲ್ಲಿ ಹೇಳಿಯೇ ಹೇಳುತ್ತದೆ, ಹೇಳಬೇಕು ಕೂಡ. ನಮ್ಮ ಸುಳ್ಳನ್ನು ಕಾಯುವ ಕೆಲಸವನ್ನು ಹನ್ನೊಂದು ವರ್ಷದ ಮಗುವಿಗೆ ಹೊರಿಸಬಾರದು.

ದಾನದ ಪೆಟ್ಟಿಗೆಗಳು

ಈ ವಾರಗಳಲ್ಲಿ ಶಾಲೆಯ ಬಾಗಿಲಲ್ಲಿ ಆಹಾರಕ್ಕೆ, ಕೋಟುಗಳಿಗೆ, ಆಟಿಕೆಗಳಿಗೆ ಪೆಟ್ಟಿಗೆ ಇಡುತ್ತಾರೆ. ಆಹಾರವೆಂದರೆ ಕಾರ್ಖಾನೆಯಲ್ಲಿ ಮುಚ್ಚಿದ, ಒಡೆಯದ, ಅವಧಿ ಮೀರದ ಪೊಟ್ಟಣ ಅಥವಾ ಡಬ್ಬಿ. ಗಾಜಿನ ಬಾಟಲಿ ಬೇಡ. ಬೇಳೆ, ಅಕ್ಕಿಯ ಮುಚ್ಚಿದ ಪೊಟ್ಟಣ ಧಾರಾಳವಾಗಿ ಕೊಡಬಹುದು. ದೊಡ್ಡ ಚೀಲದಿಂದ ಸುರಿದು ಕಟ್ಟಿದ್ದನ್ನು ತೆಗೆದುಕೊಳ್ಳುವುದಿಲ್ಲ. ಆಟಿಕೆ ಹೊಸದಾಗಿರಬೇಕು, ಕಾಗದ ಸುತ್ತಿರಬಾರದು. ‘ಟಾಯ್ಸ್ ಫಾರ್ ಟಾಟ್ಸ್’ ಎಂಬ ಹೆಸರು ಕಂಡರೆ, ಅದು 1947ರಿಂದ ಮರೀನ್ ಕೋರ್ ಮೀಸಲು ಪಡೆಯವರು ನಡೆಸಿಕೊಂಡು ಬಂದಿರುವ ಕೆಲಸ.

ದಾಸೋಹದ ನಾಡಿನವರು ನಾವು. ನಮ್ಮ ಮಕ್ಕಳ ಕೈ ಖಾಲಿ ಇರಬಾರದು. ಮಗು ತಾನೇ ಆರಿಸಿ, ತಾನೇ ಹೊತ್ತು ಹೋಗಿ ಹಾಕಲಿ.

ನಿಮಗೇ ಈಗ ಕಷ್ಟವಿದ್ದರೆ, ಕೆಲಸ ಹೋಗಿದ್ದರೆ, ಕೌನ್ಸೆಲರ್ ಬಳಿ ಗುಟ್ಟಾಗಿ ಹೇಳಿ. ಬೆಚ್ಚನೆಯ ಕೋಟಿನಿಂದ ರಿಯಾಯಿತಿ ಊಟದವರೆಗೆ ದಾರಿಗಳಿವೆ. ಪಡೆಯುವುದರಲ್ಲಿ ಅವಮಾನವೇನೂ ಇಲ್ಲ.

ತಿಂಡಿ

ತರಗತಿಯ ಪಾರ್ಟಿಗೆ ಮನೆಯಲ್ಲಿ ಮಾಡಿದ ತಿಂಡಿಯನ್ನು ಕೇಳದೆ ಕಳುಹಿಸಬೇಡಿ. ಮೊದಲ ವರ್ಷ ನಾನು ರಾತ್ರಿ ಕುಳಿತು ಕೊಬ್ಬರಿ ಮಿಠಾಯಿ ಮಾಡಿ, ಪ್ರತಿಯೊಂದರ ಮೇಲೂ ಗೋಡಂಬಿ ಒತ್ತಿ ಕಳುಹಿಸಿದ್ದೆ. ಡಬ್ಬಿ ಹಾಗೆಯೇ ವಾಪಸು ಬಂತು. ಗೋಡಂಬಿ, ಕಡಲೆಕಾಯಿಯ ಅಲರ್ಜಿಯಿಂದ ಕೆಲವು ಮಕ್ಕಳ ಉಸಿರೇ ಕಟ್ಟುತ್ತದೆ. ಅದಕ್ಕಾಗಿಯೇ ಸಾಮಗ್ರಿಗಳ ಪಟ್ಟಿ ಅಚ್ಚಾಗಿರುವ ಅಂಗಡಿಯ ಪೊಟ್ಟಣವನ್ನೇ ಕೇಳುತ್ತಾರೆ. ಯಾರು ಏನು ತರುತ್ತಾರೆಂದು ಹೆಸರು ನೋಂದಾಯಿಸುವ ಪಟ್ಟಿಯಲ್ಲಿ ಕಾಗದದ ನ್ಯಾಪ್ಕಿನ್, ಲೋಟ, ಜ್ಯೂಸ್ ಇರುತ್ತವೆ. ಮೊದಲೇ ನೋಡಿದರೆ ಸುಲಭದ್ದು ಸಿಗುತ್ತದೆ.

ಕೊನೆಯ ವಾರದ ವೇಷಗಳು

‘ಸ್ಪಿರಿಟ್ ವೀಕ್’ ಎನ್ನುತ್ತಾರೆ. ಕಡ್ಡಾಯವಲ್ಲ. ಸಾಮಾನ್ಯವಾಗಿ ಬರುವವು:
- ಪೈಜಾಮದ ದಿನ
- ಚಿತ್ರವಿಚಿತ್ರ ಸ್ವೆಟರಿನ ದಿನ
- ಟೋಪಿಯ ದಿನ
- ಶಾಲೆಯ ಬಣ್ಣದ ದಿನ

ದಿನ ಸರಿಯೇ ಎಂದು ಎರಡು ಬಾರಿ ನೋಡಿಕೊಳ್ಳಿ.

ಸ್ಪರ್ಧೆಗಳು

ಶಾಲಾ ಮಟ್ಟದ ಸ್ಪೆಲಿಂಗ್ ಬೀ (ಇಂಗ್ಲಿಷ್ ಪದಗಳ ಅಕ್ಷರಗಳನ್ನು ತಪ್ಪಿಲ್ಲದೆ ಹೇಳುವ ಸ್ಪರ್ಧೆ) ಅನೇಕ ಕಡೆ ಈ ವಾರಗಳಲ್ಲಿ ಅಥವಾ ಜನವರಿಯಲ್ಲಿ ನಡೆಯುತ್ತದೆ. ರಾಷ್ಟ್ರೀಯ ಸ್ಪರ್ಧೆ 1925ರಲ್ಲಿ ಶುರುವಾದದ್ದು. 1985ರಲ್ಲಿ ಬಾಲು ನಟರಾಜನ್ ಗೆದ್ದ ಮೇಲೆ ಭಾರತೀಯ ಮೂಲದ ಮಕ್ಕಳು ಅಲ್ಲಿ ಮತ್ತೆ ಮತ್ತೆ ಗೆದ್ದಿದ್ದಾರೆ. 8ನೇ ತರಗತಿ ದಾಟಿದವರಿಗೆ ಅವಕಾಶವಿಲ್ಲ. ಗಣಿತದ ಎಎಂಸಿ 8 ಪರೀಕ್ಷೆ ಜನವರಿಯಲ್ಲಿ: 40 ನಿಮಿಷ, 25 ಪ್ರಶ್ನೆ. ನಿಮ್ಮ ಶಾಲೆಯಲ್ಲಿ ನಡೆಯುತ್ತದೆಯೇ ಎಂದು ಗಣಿತ ಶಿಕ್ಷಕರನ್ನು ರಜೆಗೆ ಮುಂಚೆಯೇ ಕೇಳಿ. ಮಗುವಿಗೆ ಇಷ್ಟವಿದ್ದರೆ ಮಾತ್ರ. ಪಕ್ಕದ ಮನೆಯ ಮಗು ಬರೆಯುತ್ತಿದೆ ಎಂಬುದು ಕಾರಣವಲ್ಲ.

ಹಿಮ, ಜ್ವರ, ತುರ್ತು ಪಟ್ಟಿ

ಹಿಮ ಬೀಳುವ ಊರುಗಳಲ್ಲಿ ಶಾಲೆ ಎರಡು ಗಂಟೆ ತಡವಾಗಿ ತೆರೆಯಬಹುದು, ಬೇಗ ಬಿಡಬಹುದು, ಇಲ್ಲವೇ ರಜೆ ಕೊಡಬಹುದು. ಸುದ್ದಿ ಬೆಳಗಿನ ಐದೋ ಆರೋ ಗಂಟೆಗೆ ಮೊಬೈಲಿಗೆ ಬರುತ್ತದೆ. ನೀವು ಕಚೇರಿಯಲ್ಲಿ ಸಿಲುಕಿ ಗೆಳೆಯರನ್ನು ಕಳುಹಿಸಿದರೂ, ತುರ್ತು ಸಂಪರ್ಕ ಪಟ್ಟಿಯಲ್ಲಿ ಹೆಸರಿಲ್ಲದವರ ಜೊತೆ ಶಾಲೆ ಮಗುವನ್ನು ಕಳುಹಿಸುವುದಿಲ್ಲ. ‘ಇವರು ನಮ್ಮ ಊರಿನವರೇ, ಅಂಕಲ್’ ಎಂದು ಮಗು ಹೇಳಿದರೂ ನಡೆಯದು. ಇಬ್ಬರ ಹೆಸರನ್ನಾದರೂ ಈಗಲೇ ಸೇರಿಸಿ. ಕರೆದುಕೊಂಡು ಬರಲು ಹೋಗುವವರ ಬಳಿ ಭಾವಚಿತ್ರವಿರುವ ಗುರುತಿನ ಚೀಟಿ ಇರಲಿ.

ಜ್ವರದ ಮಾತ್ರೆಯನ್ನು ಮಗುವಿನ ಚೀಲಕ್ಕೆ ಹಾಕಿ ಕಳುಹಿಸಬೇಡಿ. ಅದು ಅನುಮತಿ ಪತ್ರದೊಂದಿಗೆ ಶಾಲೆಯ ನರ್ಸ್ ಬಳಿ ಇರಬೇಕು.

ಶಿಕ್ಷಕರಿಗೆ

ಉಡುಗೊರೆ ಕಡ್ಡಾಯವಲ್ಲ, ದುಬಾರಿಯದ್ದು ತಪ್ಪು. ಬೆಲೆಗೆ ಮಿತಿ ಇಟ್ಟಿರುವ ಕಡೆಗಳೂ ಇವೆ. ಮಗು ಕೈಯಾರೆ ಬರೆದ ನಾಲ್ಕು ಸಾಲು ಸಾಕು. ಬಸ್ ಚಾಲಕರನ್ನೂ ಶಾಲೆಯನ್ನು ಗುಡಿಸಿ ಒರೆಸುವವರನ್ನೂ ಬಿಡಬೇಡಿ.

ಕೊನೆಯ ದಿನ

ವಾದ್ಯ ಮನೆಗೆ ಬರಲಿ. ಲಾಕರಿನಲ್ಲಿ ಊಟದ ಡಬ್ಬಿ ಉಳಿಯದಿರಲಿ. ಎರಡು ವಾರದ ಮೊಸರನ್ನದ ಡಬ್ಬಿಯನ್ನು ನಾನು ತೊಳೆದಿದ್ದೇನೆ. ವ್ಯಾಯಾಮದ ಬಟ್ಟೆ, ಕ್ರೋಮ್‌ಬುಕ್ (ಶಾಲೆ ಕೊಡುವ ಲ್ಯಾಪ್‌ಟಾಪ್) ಮತ್ತು ಅದರ ಚಾರ್ಜರ್ ಕೂಡ ಮನೆಗೆ ಬರಲಿ. ಕಳೆದುಹೋದ ವಸ್ತುಗಳ ಮೇಜನ್ನು ಹೋಗಿ ನೋಡಿ: ಯಾರೂ ಕೇಳದ ಕೋಟು, ಕೈಗವಸು, ನೀರಿನ ಬಾಟಲಿಗಳನ್ನು ಅನೇಕ ಶಾಲೆಗಳು ರಜೆಯಲ್ಲಿ ದಾನಕ್ಕೆ ಕಳುಹಿಸಿಬಿಡುತ್ತವೆ. ಕೋಟಿನ ಒಳಗೆ ಅಳಿಸದ ಶಾಯಿಯಲ್ಲಿ ಹೆಸರು ಬರೆದಿಡಿ.

ಆ ದಿನ ಅರ್ಧ ದಿನದ ಶಾಲೆ ಇರುವುದು ಸಾಮಾನ್ಯ. ಬಸ್ ಎರಡು ಮೂರು ಗಂಟೆ ಮುಂಚೆಯೇ ಬರುತ್ತದೆ, ಊಟ ಶಾಲೆಯಲ್ಲಿ ಸಿಗದಿರಬಹುದು. ಮಗುವಿನ ಬಳಿ ಮನೆಯ ಬೀಗದ ಕೈ ಇದೆಯೇ ನೋಡಿ. ಮನೆಯಲ್ಲಿ ಯಾರೂ ಇರುವುದಿಲ್ಲವಾದರೆ ಸಂಘದ ಸ್ವಯಂಸೇವಕರಿಗೆ ಹಿಂದಿನ ದಿನವೇ ತಿಳಿಸಿ. ಬಸ್ ನಿಲ್ಲುವಲ್ಲಿಂದ ನಿಮ್ಮ ಮಗುವನ್ನು ಕರೆದುಕೊಂಡು ಹೋಗಿ, ಬಿಸಿ ಅನ್ನ ಸಾರು ಹಾಕಿ, ನೀವು ಬರುವ ತನಕ ನೋಡಿಕೊಳ್ಳುವ ಮನೆಗಳು ನಮ್ಮಲ್ಲಿವೆ.