ಬಂಡೂರು ಕುರಿ: ನಾವು ಮನೆಯಲ್ಲಿ ಸಾಕುವ ಬಗೆ

ಮಳವಳ್ಳಿ ಕಡೆ ನಮ್ಮದು ನಾಲೆ ನೀರಿನ ಜಮೀನು. ಭತ್ತ, ಕಬ್ಬು ಬೆಳೆಯುತ್ತೇವೆ. ಜೊತೆಗೆ ಎಂಟು ಹೆಣ್ಣು ಕುರಿ, ಒಂದು ಟಗರು. ಎಲ್ಲವೂ ಬಂಡೂರು ತಳಿಯವೇ. ಬಂಡೂರು ಇರುವುದೂ ನಮ್ಮ ತಾಲ್ಲೂಕಿನಲ್ಲೇ. ಬನ್ನೂರು ಕುರಿ ಅನ್ನುವುದೂ ಇದನ್ನೇ.

ದೊಡ್ಡ ಮಂದೆ ಕಟ್ಟಿ ಊರೂರು ಮೇಯಿಸುವ ಕುರಿ ಇದಲ್ಲ. ಕಾಲು ಗಿಡ್ಡ, ಮೈ ದುಂಡಗೆ. ಹೆಣ್ಣು ಕುರಿ 25 ಕೆ.ಜಿ. ಆಸುಪಾಸು ತೂಗುತ್ತದೆ, ಟಗರು 35. ಹಗ್ಗ ಹಿಡಿದು ಮಕ್ಕಳೂ ಗದ್ದೆ ಬದುವಿಗೆ ಕರೆದೊಯ್ಯಬಹುದು. ಸಂಜೆ ಅಮ್ಮ ಹುರುಳಿ ಹೊಟ್ಟು ತಂದರೆ ಸಾಕು, ಎಲ್ಲಾ ಬಂದು ಅವರ ಸೀರೆಗೆ ಮೂತಿ ಒತ್ತುತ್ತವೆ. ಇಷ್ಟು ಸಾಧು ಕುರಿ ನಾನು ಬೇರೆ ನೋಡಿಲ್ಲ.

ನಮ್ಮಲ್ಲಿ ಜಾಸ್ತಿ ಯೋಚನೆ ಮಾಡುವುದು ಟಗರು ತರುವಾಗ. ಹಿಂದೆ ನಿಂತು ನೋಡಬೇಕು. ಎರಡು ತೊಡೆಗಳ ನಡುವೆ ಅಗಲವಾದ ಕಮಾನು ಕಾಣಬೇಕು. ಬೆನ್ನ ಮೇಲೆ ಅಂಗೈ ಆಡಿಸಿದರೆ ಮೂಳೆ ಚುಚ್ಚಬಾರದು. ಕತ್ತಿನ ಕೆಳಗೆ ಮಣಿ, ಅಂದರೆ ಜೋತುಬೀಳುವ ಚರ್ಮದ ತುಣುಕು, ಇದ್ದರೆ ಮಾತ್ರ ಅಸಲಿ ಅಂತ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ, ಮಣಿ ಇಲ್ಲದ ಅಸಲಿ ಕುರಿಗಳೂ ಇವೆ. ಟಗರನ್ನು ನಮ್ಮ ಮರಿಗಳಲ್ಲೇ ಉಳಿಸಿಕೊಳ್ಳುವುದಿಲ್ಲ, ಬೇರೆ ಊರಿನಿಂದ ತರುತ್ತೇವೆ. ಎರಡು ವರ್ಷಕ್ಕೆ ಬದಲಾಯಿಸುತ್ತೇವೆ. ಇಲ್ಲದಿದ್ದರೆ ಅಪ್ಪನಿಗೇ ಮಗಳು ಗಬ್ಬವಾಗಿ ಮರಿಗಳು ಸೊರಗುತ್ತವೆ. ದೊಡ್ಡ ತಳಿಯ ಟಗರು ಬಿಟ್ಟರೆ ಮರಿ ಬೇಗ ತೂಕ ಬರುತ್ತದೆ, ನಿಜ. ಆದರೆ ಬಂಡೂರು ಮಾಂಸದ ರುಚಿ ಇರುವುದು ಎಳೆ ಎಳೆಯ ನಡುವೆ ಸೇರಿದ ಕೊಬ್ಬಿನಲ್ಲಿ. ಅದನ್ನೇ ಕಳೆದುಕೊಂಡು ತೂಕ ಪಡೆದು ಏನು ಮಾಡೋದು?

ನೀರಾವರಿ ಜಮೀನಿನಲ್ಲಿ ಕುರಿಗೆ ದೊಡ್ಡ ಶತ್ರು ಹುಳು. ನೀರು ನಿಂತ ಗದ್ದೆಯ ಬಸವನಹುಳುವಿನಿಂದ ಈಲಿಯಲ್ಲಿ, ಅಂದರೆ ಲಿವರ್‌ನಲ್ಲಿ, ಚಪ್ಪಟೆ ಹುಳು ಸೇರುತ್ತದೆ. ಅದಕ್ಕೇ ಜವುಗಿನಲ್ಲಿ ಮೇಯಲು ಬಿಡಲ್ಲ, ಬೆಳಿಗ್ಗೆ ಇಬ್ಬನಿ ಆರುವವರೆಗೆ ಹಗ್ಗ ಬಿಚ್ಚಲ್ಲ. ಆಗಾಗ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತೇನೆ. ಒಳಗೆ ಕೆಂಪಾಗಿದ್ದರೆ ಸರಿ. ಬಿಳಿಚಿದ್ದರೆ, ದವಡೆ ಕೆಳಗೆ ನೀರು ತುಂಬಿ ಊದಿದ್ದರೆ, ಅದೇ ದಿನ ಪಶುವೈದ್ಯರನ್ನು ಕೇಳಿ ಔಷಧಿ ಕುಡಿಸುತ್ತೇನೆ. ಕರುಳುಬೇನೆ ಲಸಿಕೆ ಮುಂಗಾರಿಗೆ ಮುಂಚೆಯೇ ಆಗಿರಬೇಕು. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗಲೇ ಆ ರೋಗ ಜಾಸ್ತಿ.

ಗಬ್ಬ ಐದು ತಿಂಗಳು. ಸಾಮಾನ್ಯವಾಗಿ ಒಂದೇ ಮರಿ. ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಿತಾ ಅಂತ ಮರಿಯ ಹೊಟ್ಟೆ ಮುಟ್ಟಿ ನೋಡುತ್ತೇವೆ.

ಗಂಡು ಮರಿಗಳನ್ನು ಬಕ್ರೀದ್‌ಗೆ ಮಾರುತ್ತೇವೆ. ಹೆಣ್ಣು ಮರಿಯನ್ನು ಮಾತ್ರ ಕಟುಕರಿಗೆ ಕೊಡಲ್ಲ. ಅದಕ್ಕೆ ಬಂಡೂರು ಟಗರನ್ನೇ ಬಿಟ್ಟು ಮರಿ ಮಾಡಿಸುವ ಮನೆ ಸಿಕ್ಕರೆ, ಬೆಲೆ ಸ್ವಲ್ಪ ಕಮ್ಮಿಯಾದರೂ ಅವರಿಗೇ.