16 ಅಡಿ ದೋಣಿ, ಕಿಲೋ ಲೆಕ್ಕದಲ್ಲಿ

2025ರ ಆಗಸ್ಟಿನಲ್ಲಿ 4 ಲಕ್ಷ 60 ಸಾವಿರ ಅಂದಿದ್ದ ಅಲ್ಯೂಮಿನಿಯಂ ದೋಣಿಗೆ ಜನವರಿಯಲ್ಲಿ 5 ಲಕ್ಷ 40 ಸಾವಿರ ಕೇಳಿದರು. ದೋಣಿ ಕಟ್ಟುವ ಅದೇ ಯಾರ್ಡು, ಅದೇ ನಕ್ಷೆ, ಅದೇ 16 ಅಡಿ. ಎಂಜಿನ್ನಿಗೂ ತೆರಿಗೆಗೂ ದುಡ್ಡು ಬೇರೆ. "ಅಲ್ಯೂಮಿನಿಯಂ ರೇಟ್ ಎಲ್ಲಿಗೆ ಹೋಗಿದೆ ನೋಡಿ" ಅಂತ ಮ್ಯಾನೇಜರ್ ತಮ್ಮ ಮೊಬೈಲನ್ನೇ ನನ್ನ ಮುಖಕ್ಕೆ ಹಿಡಿದರು. ಕೊಟೇಶನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಈ ರೇಟು 7 ದಿನ ಮಾತ್ರ" ಅಂತ ಬರೆದಿತ್ತು. ಆಗಸ್ಟಿನಲ್ಲಿ ಅದನ್ನು ನಾನು ಓದಿರಲೇ ಇಲ್ಲ.

ನಾನು ಅಂಕೋಲಾ ಕಡೆಯವನು. ಗೋವಾದ ವಾಸ್ಕೊಗೆ ಬಂದು 19 ವರ್ಷ ಆಯ್ತು. ಮಾಂಡೋವಿ ನದಿಗೂ ಜುವಾರಿ ನದಿಗೂ ನಡುವೆ ಕುಂಬಾರಜುವಾ ಕಾಲುವೆ ಇದೆ, ಸುಮಾರು 15 ಕಿಲೋಮೀಟರು. ಅಲ್ಲಿ ಕೆಸರಿನ ದಂಡೆ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಿ ಅವನ್ನೂ ಮಿಂಚುಳ್ಳಿಗಳನ್ನೂ ತೋರಿಸುವುದು ನನ್ನ ಕಸುಬು. ಹಳೇದು ಫೈಬರ್ ದೋಣಿ. ನೀರು ಇಳಿದಾಗ ಚೀರೆಕಲ್ಲಿನ ಅಂಚಿಗೆ, ಕಲ್ವದ ಚಿಪ್ಪಿಗೆ ಉಜ್ಜಿ ಉಜ್ಜಿ ಅದರ ಹೊಟ್ಟೆ ಹಣ್ಣಾಗಿತ್ತು. ಪ್ರತಿ ಮಳೆಗಾಲ ರೆಸಿನ್ ಅಂಟು, ಫೈಬರ್ ಮ್ಯಾಟು, ಪೇಂಟು ಅಂತ ರಿಪೇರಿ. ಅಲ್ಯೂಮಿನಿಯಂ ಆದರೆ ಕಲ್ಲಿಗೆ ಬಡಿದರೂ ತಗ್ಗು ಬೀಳುತ್ತದೆ, ಸೀಳುವುದು ಕಡಿಮೆ. ಅದಕ್ಕೇ ಮನಸ್ಸು ಮಾಡಿದ್ದು.

ರೇಟು ಏರಿದ್ದು ಸುಳ್ಳಲ್ಲ. 2026ರ ಜನವರಿಯಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ಅಲ್ಯೂಮಿನಿಯಂ ಟನ್ನಿಗೆ 3,000 ಡಾಲರ್ ದಾಟಿತು. 2022ರ ನಂತರ ಅದೇ ಮೊದಲು. ಅದರ ಹಿಂದಿನ ತಿಂಗಳೇ ಡಾಲರಿಗೆ 90 ರೂಪಾಯಿ ದಾಟಿತ್ತು. ಎರಡು ಏಟು ಒಟ್ಟಿಗೆ. ಅಲ್ಯೂಮಿನಿಯಂ ತೆಗೆಯಲು ಬೇಕಾದ ಅಲ್ಯೂಮಿನಾ ಪುಡಿಯ ಕಾರ್ಖಾನೆ ಬೆಳಗಾವಿಯಲ್ಲೇ ಇದೆಯಲ್ಲ, ನಮಗ್ಯಾಕೆ ಲಂಡನ್ ರೇಟು ಅಂತ ನಾನೂ ಕೇಳಿದ್ದೆ. ಆದರೆ ಹಿಂಡಾಲ್ಕೊ, ನಾಲ್ಕೊದಂಥ ನಮ್ಮ ಅಲ್ಯೂಮಿನಿಯಂ ಕಂಪನಿಗಳು ಕೂಡ ಲಂಡನ್ ನೋಡಿಕೊಂಡೇ ಬೆಲೆ ಕಟ್ಟುತ್ತವೆ. ಮೇಲಾಗಿ ಒಂದು ಟನ್ ಲೋಹ ತೆಗೆಯಲು ಸುಮಾರು 14 ಸಾವಿರ ಯುನಿಟ್ ಕರೆಂಟು ಬೇಕು. ಚೀನಾ ತನ್ನ ಉತ್ಪಾದನೆಗೆ ವರ್ಷಕ್ಕೆ 4.5 ಕೋಟಿ ಟನ್ ಅಂತ ಮಿತಿ ಹಾಕಿಕೊಂಡು ಕೂತಿದೆ. ಸದ್ಯಕ್ಕೆ ಇಳಿಯುತ್ತೆ ಅಂತ ಕಾಯುವುದರಲ್ಲಿ ಅರ್ಥ ಕಾಣಲಿಲ್ಲ.

ಆದರೆ 80 ಸಾವಿರ ಏರಿದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ರಾತ್ರಿ ಊಟ ಆದ ಮೇಲೆ ನಕ್ಷೆ ಹರಡಿಕೊಂಡು ಕೂತೆ. ತಳಕ್ಕೆ 4 ಮಿಲಿಮೀಟರ್, ಬದಿಗೆ 3 ಮಿಲಿಮೀಟರ್. 1250 × 2500 ಅಳತೆಯ ಹಾಳೆಗಳಲ್ಲಿ ದಪ್ಪದ್ದು ನಾಲ್ಕು, ತೆಳುವಿನದು ಐದು. ದಪ್ಪ ಹಾಳೆ ಒಂದು 33 ಕಿಲೋ, ತೆಳು ಹಾಳೆ 25. ಒಟ್ಟು 257 ಕಿಲೋ ಚಿಲ್ಲರೆ. ಆಗಸ್ಟಿನಲ್ಲಿ ನಾನು ವಿಚಾರಿಸಿದಾಗ ಕಿಲೋಗೆ 390 ಇತ್ತು, ಜನವರಿಯಲ್ಲಿ 455. ವ್ಯತ್ಯಾಸ 65 ರೂಪಾಯಿ. ಗುಣಿಸಿದರೆ 17 ಸಾವಿರವೂ ಆಗಲಿಲ್ಲ! ಉಳಿದ 63 ಸಾವಿರ ಎಲ್ಲಿಂದ ಬಂತು? ಗ್ಯಾಸು, ವೈರು, ಕೂಲಿ ಸ್ವಲ್ಪ ಏರಿರಬಹುದು. ಮಿಕ್ಕಿದ್ದು "ನಾಳೆ ಇನ್ನೂ ಏರಿದರೆ?" ಅನ್ನೋ ಭಯದ ದುಡ್ಡು. ಯಾರ್ಡಿನವರದು ತಪ್ಪು ಅನ್ನಲ್ಲ, ಅವರೂ ವ್ಯಾಪಾರಸ್ಥರು. ಆದರೆ ಆ ಭಯವನ್ನು ನಾನೇ ಹೊತ್ತುಕೊಂಡರೆ ಅಗ್ಗ ಅಲ್ವಾ?

ಹಾಗಾಗಿ ಲೋಹ ನಂದು, ಕೆಲಸ ನಿಮ್ಮದು ಅಂದೆ. ಆ ಯಾರ್ಡು ಒಪ್ಪಲಿಲ್ಲ. ಇನ್ನೊಂದು ಸಣ್ಣ ಶೆಡ್ಡಿನವರು ಒಪ್ಪಿದರು, ಮುಗಿದ ದೋಣಿಯ ತೂಕಕ್ಕೆ ಕಿಲೋಗೆ 900 ಕೂಲಿ. ಮೂರನೆಯವರೊಬ್ಬರು ಬರೀ 3 ಲಕ್ಷಕ್ಕೆ ಇಡೀ ದೋಣಿ ಮಾಡಿಕೊಡುತ್ತೇನೆ ಅಂದಿದ್ದರು. ಯಾವ ಗ್ರೇಡ್ ಅಂತ ಕೇಳಿದೆ. "ಅಲ್ಯೂಮಿನಿಯಂ ಅಂದ್ರೆ ಅಲ್ಯೂಮಿನಿಯಂ ಸಾರ್" ಅಂದರು. ಅಲ್ಲಿಂದ ಎದ್ದು ಬಂದೆ. ಉಪ್ಪುನೀರಿಗೆ 5083 ಅನ್ನೋ ಗ್ರೇಡ್ ಬೇಕು, ಅದರಲ್ಲಿ ನೂರಕ್ಕೆ ನಾಲ್ಕರಿಂದ ಐದರಷ್ಟು ಮೆಗ್ನೀಶಿಯಂ ಇರುತ್ತದೆ. ಪಾತ್ರೆಗೆ ಬಳಸುವ ಮೆತ್ತನೆ ಹಾಳೆ ನೋಡಲು ಅದೇ ಥರ ಹೊಳೆಯುತ್ತದೆ. ಹಾಳೆ ಮಾಡಿದ ಕಾರ್ಖಾನೆಯ ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರು (ಯಾವ ಎರಕದ್ದು ಅನ್ನೋ ಗುರುತು), ಹಾಳೆ ಮೇಲೆ ಅಚ್ಚಾದ ನಂಬರು ಎರಡೂ ತಾಳೆಯಾಗಬೇಕು. ಮುಂಬೈಗೆ ಹೋಗಿ, ಕುಂಭಾರವಾಡಾದ ಅಂಗಡಿಯಲ್ಲಿ ಒಂಬತ್ತೂ ಹಾಳೆಯ ನಂಬರು ನಾನೇ ಓದಿ ನೋಡಿದೆ. ದುಡ್ಡು ಕಟ್ಟಿದ ದಿನವೇ ರೇಟಿನ ತಲೆನೋವು ಮುಗಿಯಿತು.

ತೆರಿಗೆಯ ಮಾತು ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ಮೋಜಿನ ದೋಣಿ, ಯಾಟ್‌ಗಳಿಗೆ ಜಿಎಸ್‌ಟಿ 40%. ಜನರನ್ನು ಸಾಗಿಸುವ ದೋಣಿಗೆ 5%. 5 ಲಕ್ಷಕ್ಕೆ ಪೌಣೆ ಎರಡು ಲಕ್ಷದ ಫರಕು! ಬಿಲ್ಲಿನಲ್ಲಿ ಯಾವ ಎಚ್‌ಎಸ್‌ಎನ್ ನಂಬರು (ಸರಕು ಯಾವ ತೆರಿಗೆಯ ವರ್ಗ ಅಂತ ಹೇಳುವ ನಂಬರು) ಬೀಳುತ್ತದೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ಸಿಎ ಹತ್ತಿರ ಕೂತು ಕೇಳಿಕೊಳ್ಳಿ. ಇಲ್ಲಿ ದೋಣಿ ನೋಂದಣಿ ಮಾಡುವ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಗೂ ನಕ್ಷೆ ಹಿಡಿದುಕೊಂಡು ಮೊದಲೇ ಹೋಗಿಬನ್ನಿ. ಬೆಸುಗೆ ಹಾಕಿದ ಮೇಲೆ ಬದಲಾಯಿಸುವುದು ಡಬಲ್ ಖರ್ಚು.

ಬೆಸುಗೆ ಹಾಕಿದವನು ಗದಗ ಕಡೆಯ ಹುಡುಗ. ಮೊದಲ ದಿನ ಹಾಳೆಯ ಅಂಚನ್ನು ಸ್ಟೀಲ್ ಬ್ರಶ್ಶಿನಿಂದ ಉಜ್ಜುತ್ತಾ ಉಜ್ಜುತ್ತಾ ಅರ್ಧ ದಿನ ಕಳೆದ. ನನಗೆ ತಾಳ್ಮೆ ಕೆಟ್ಟಿತು. ಅವನು ತಲೆ ಎತ್ತದೇ ಹೇಳಿದ: "ಅಣ್ಣಾರ, ಇದರ ಮ್ಯಾಲಿನ ಪದರ ಕರಗಾಕ 2,000 ಡಿಗ್ರಿ ಬೇಕ್ರಿ. ಒಳಗಿನ ಲೋಹ 660 ಆಗೂದರೊಳಗ ಕರಗತೈತಿ. ಮ್ಯಾಲಿಂದು ತಗೀದ ಹಚ್ಚಿದ್ರ ಬೆಸುಗಿ ಹಿಡಿಯೂದಿಲ್ರಿ." ಆಮೇಲೆ ಮುಖವಾಡ ಇಳಿಸಿಕೊಳ್ಳುತ್ತಾ ಇನ್ನೊಂದು ಮಾತು ಸೇರಿಸಿದ. "ಕಬ್ಬಿಣ ಕೆಂಪಾಗಿ ಹೇಳತೈತ್ರಿ. ಇದು ಹೇಳದ ಕೇಳದ ತೂತು ಬೀಳತೈತಿ." ನಿಜ. ಬಣ್ಣ ಬದಲಾಗುವುದೇ ಇಲ್ಲ. ಬೆಳ್ಳಗಿದ್ದದ್ದು ಬೆಳ್ಳಗೇ ಇದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಜಾರಿ ಕೆಳಗೆ ಬೀಳುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದರೆ ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಆರ್ಗಾನ್ ಗ್ಯಾಸು ಹಾರಿಹೋಗಿ ಬೆಸುಗೆಯಲ್ಲಿ ಸೂಜಿಮೊನೆಯಂಥ ತೂತು ಏಳುತ್ತವೆ. ಹಾಗಾಗಿ ತಾಡಪತ್ರೆ ಕಟ್ಟಿಕೊಂಡು ಬೆಳಗ್ಗೆ ಹೊತ್ತು ಮಾತ್ರ ಕೆಲಸ. ಕಿಲೋಗೆ 900 ಯಾಕೆ ಅಂತ ಆಮೇಲೆ ನಾನು ಚೌಕಾಸಿ ಮಾಡಲಿಲ್ಲ.

ಹೊಸ ಎಂಜಿನ್ ತೆಗೆದುಕೊಳ್ಳಲಿಲ್ಲ. ಹಳೇ ದೋಣಿಯ 25 ಎಚ್‌ಪಿ ಯಮಾಹಾ ಇನ್ನೂ ಗಟ್ಟಿಯಾಗಿತ್ತು. ಅದು ಲಾಂಗ್ ಶಾಫ್ಟು, ಅಂದರೆ ದಂಡ ಉದ್ದದ್ದು, ಹಾಗಾಗಿ ಎಂಜಿನ್ ಕೂರುವ ಹಿಂಬದಿ ಹಲಗೆಯನ್ನು 20 ಇಂಚು ಎತ್ತರಕ್ಕೆ ಕಟ್ಟಿಸಿದೆ.

ಹಾಳೆ ತೆರಿಗೆ ಸೇರಿ 1 ಲಕ್ಷ 38 ಸಾವಿರ, ಆಂಗಲ್ ಮುಂತಾದವು 15 ಸಾವಿರ, 235 ಕಿಲೋಗೆ ಕೂಲಿ 2 ಲಕ್ಷ 11 ಸಾವಿರ, ಸಾಮಾನು ಸರಂಜಾಮು 45, ಲಾರಿ 8. ಹತ್ತಿರ ಹತ್ತಿರ 4 ಲಕ್ಷ 18 ಸಾವಿರಕ್ಕೆ ದೋಣಿ ಇಳಿಯಿತು. ನನ್ನ ಓಡಾಟ, ಮುಂಬೈ ರೈಲು, ಎರಡು ತಿಂಗಳು ಶೆಡ್ಡಿನಲ್ಲಿ ಕೂತಿದ್ದು ಇದರಲ್ಲಿ ಹಿಡಿದಿಲ್ಲ. ಸೀಸನ್ನಿನ ಮಧ್ಯೆ ಹೀಗೆ ಕೂರಲು ಆಗದವರು 5 ಲಕ್ಷ 40 ಕೊಟ್ಟು ತಗೊಳ್ಳುವುದೇ ವಾಸಿ ಇರಬಹುದು.

ಒಂದು ತಪ್ಪನ್ನೂ ಮಾಡಿದೆ. ದೀಪದ ವೈರಿಂಗ್ ಮಾಡುವಾಗ ಕತ್ತರಿಸಿದ ತಾಮ್ರದ ತುಂಡೊಂದು ದೋಣಿಯ ತಳದ ನೀರಿನಲ್ಲಿ ಬಿದ್ದದ್ದು ಗಮನಿಸಲಿಲ್ಲ. ಮೂರು ವಾರದ ನಂತರ ಒರೆಸುವಾಗ ಅಲ್ಲೇ ಬಿಳಿ ಹಿಟ್ಟು ಕೂತಿತ್ತು. ಕೆರೆದರೆ ಕೆಳಗೆ ಉಗುರು ಸಿಕ್ಕುವಷ್ಟು ಗುಳಿ. ಉಪ್ಪುನೀರಿನಲ್ಲಿ ತಾಮ್ರ ಪಕ್ಕದಲ್ಲಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಫೈಬರ್ ದೋಣಿಯಿಂದ ಉಳಿದಿದ್ದ ತಾಮ್ರದ ತಳಪೇಂಟಿನ ಡಬ್ಬಿಯನ್ನು ಅವತ್ತೇ ಬೇರೆಯವರಿಗೆ ಕೊಟ್ಟುಬಿಟ್ಟೆ.

ಕತ್ತರಿಸಿ ಉಳಿದ ತುಂಡುಗಳು 45 ಕಿಲೋ. ಅವು ನನ್ನವೇ ಅಂತ ಮೊದಲೇ ಕಾಗದದಲ್ಲಿ ಬರೆಸಿಕೊಂಡಿದ್ದೆ. ಈಗ ಮಂಚದ ಕೆಳಗಿವೆ. ಗುಜರಿಯವನು ವಾರಕ್ಕೊಮ್ಮೆ ಬಂದು ಹೊಸ ರೇಟು ಹೇಳಿಹೋಗುತ್ತಾನೆ. "ಕೊಟ್ಟುಬಿಡಿ ರೀ, ಕಸ ಗುಡಿಸೋಕೆ ಆಗ್ತಿಲ್ಲ" ಅಂತ ಮನೆಯವಳು. ಕಳೆದ ವಾರ ಅವನು 10 ರೂಪಾಯಿ ಜಾಸ್ತಿ ಹೇಳಿದ. ಇನ್ನೊಂದು ವಾರ ನೋಡೋಣ ಅಂದಿದ್ದೇನೆ.