ಪ್ಯಾನಲ್‌ಗಿಂತ ಮೊದಲು ಮಲ್ಟಿಮೀಟರ್: ಶಾಲೆಗಳಲ್ಲಿ ಸೋಲಾರ್ ಹಾಕಿದ ನನ್ನ ಅನುಭವ

ಸೋಲಾರ್ ಹಾಕಿ, ದೀಪ ಹತ್ತಿಸಿ, ಮಕ್ಕಳ ಚಪ್ಪಾಳೆ ಕೇಳಿಸಿಕೊಂಡು ಬಂದಿದ್ದ ಒಂದು ಶಾಲೆಗೆ ಒಂದೂವರೆ ವರ್ಷದ ಮೇಲೆ ಮತ್ತೆ ಹೋದೆ. ಬ್ಯಾಟರಿ ಕೋಣೆಗೆ ಬೀಗ ಬಿದ್ದಿತ್ತು. ಕೀಲಿ ಯಾರ ಹತ್ತಿರ ಇದೆ ಎಂದು ತಿಳಿಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಒಳಗೆ ಹೋಗಿ ಬ್ಯಾಟರಿಯ ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದರೆ ನೀರು ಪ್ಲೇಟುಗಳಿಗಿಂತ ಕೆಳಕ್ಕೆ ಇಳಿದಿತ್ತು, ಗಾಳಿಗೆ ಬಿದ್ದ ಪ್ಲೇಟುಗಳ ಮೇಲೆ ಬಿಳಿ ಪೊರೆ ಕಟ್ಟಿತ್ತು. ಮೇಲೆ ತಾರಸಿಯಲ್ಲಿ ಪ್ಯಾನಲ್‌ಗಳು ಮಾತ್ರ ಹೊಸದರ ಹಾಗೇ ಇದ್ದವು. 25 ವರ್ಷ ಬಾಳುವ ಪ್ಯಾನಲ್‌ಗಳ ಕೆಳಗೆ, ಡಿಸ್ಟಿಲ್ಡ್ ವಾಟರ್ ಹಾಕುವವರಿಲ್ಲದೆ ಬ್ಯಾಟರಿ ಸತ್ತುಹೋಗಿತ್ತು.

ನಿರ್ವಹಣೆಯನ್ನು ನಾನು ಹೇಳಿಕೊಟ್ಟಿದ್ದು ಒಬ್ಬರೇ ಮೇಷ್ಟ್ರಿಗೆ. ಅವರಿಗೆ ವರ್ಗವಾಗಿತ್ತು. ಅವರ ಜೊತೆಗೇ ಆ ತಿಳಿವಳಿಕೆಯೂ ಶಾಲೆ ಬಿಟ್ಟು ಹೋಗಿತ್ತು. ತಪ್ಪು ನನ್ನದು. ಆ ದಿನ ಮನಸ್ಸಿಗೆ ತುಂಬ ನೋವಾಯಿತು.

ಅಲ್ಲಿಂದಾಚೆ ಕೆಲಸದ ಕ್ರಮವನ್ನೇ ಬದಲಿಸಿಕೊಂಡೆ. ಈಗ ಮೊದಲು ತರಗತಿಗೆ ಹೋಗುತ್ತೇನೆ, ಆಮೇಲೆ ತಾರಸಿಗೆ. ಮಕ್ಕಳು ಅಳೆಯಲು ಕಲಿಯುವವರೆಗೆ ಒಂದು ನಟ್ಟೂ ಬಿಗಿಯುವುದಿಲ್ಲ.

ಮೊದಲ ವಾರದ ಕೆಲಸ ಲೋಡ್ ಲೆಕ್ಕ. ಮಕ್ಕಳು ತಂಡ ಮಾಡಿಕೊಂಡು ಕೋಣೆ ಕೋಣೆ ಸುತ್ತಿ, ಯಾವುದು ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂದು ಬರೆದುಕೊಳ್ಳುತ್ತಾರೆ. ಒಂದು ಶಾಲೆಯ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. 9 ವ್ಯಾಟಿನ 20 ಎಲ್‌ಇಡಿ ದೀಪ, 3 ಗಂಟೆ: 540 ವ್ಯಾಟ್-ಅವರ್. 70 ವ್ಯಾಟಿನ 12 ಫ್ಯಾನ್, 6 ಗಂಟೆ: 5,040. 100 ವ್ಯಾಟಿನ 6 ಕಂಪ್ಯೂಟರ್, 3 ಗಂಟೆ: 1,800. ನೀರಿನ ಮೋಟಾರ್ 750 ವ್ಯಾಟ್, 1 ಗಂಟೆ: 750. ಒಟ್ಟು 8,130. ಸಾವಿರ ವ್ಯಾಟ್-ಅವರ್ ಎಂದರೆ ಒಂದು ಯೂನಿಟ್, ಅಂದರೆ ದಿನಕ್ಕೆ 8 ಯೂನಿಟ್‌ಗೆ ತುಸು ಮೇಲೆ. ಕೂಡಿಸುವ ಮೊದಲು "ಯಾವುದು ಹೆಚ್ಚು ತಿನ್ನುತ್ತೆ?" ಎಂದು ಕೇಳಿದ್ದೆ. ಮುಕ್ಕಾಲು ಪಾಲು ಮಕ್ಕಳು ಮೋಟಾರ್ ಎಂದಿದ್ದರು, ಸದ್ದು ಮಾಡುವುದು ಅದೇ ಅಲ್ಲವೇ. ಲೆಕ್ಕ ಹೊರಬಿದ್ದಾಗ ಎಲ್ಲರೂ ತಲೆ ಎತ್ತಿ ಫ್ಯಾನ್ ನೋಡಿದರು.

"ಹಾಗಾದರೆ ಫ್ಯಾನನ್ನೇ ಬದಲಾಯಿಸೋಣ ಸರ್" ಎಂದು ಹೇಳಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗ. ಕಡಿಮೆ ವಿದ್ಯುತ್ ತಿನ್ನುವ ಬಿಎಲ್‌ಡಿಸಿ ಮೋಟಾರಿನ 28 ವ್ಯಾಟ್ ಫ್ಯಾನ್ ಹಾಕಿದರೆ 5,040 ಇದ್ದದ್ದು 2,016ಕ್ಕೆ ಇಳಿಯುತ್ತದೆ, ಒಟ್ಟು ಬಳಕೆ 5 ಯೂನಿಟ್ ಆಸುಪಾಸಿಗೆ ಬರುತ್ತದೆ. ಬಿಸಿಲು ಚೆನ್ನಾಗಿರುವ ಕಡೆ 1 ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಬ್ಯಾಟರಿಯಲ್ಲಿ ಆಗುವ ನಷ್ಟ, ಮೋಡದ ದಿನಗಳು ಎಲ್ಲ ಸೇರಿಸಿ ನಾನು 3 ಎಂದೇ ಹಿಡಿಯುವುದು. 3 ಕಿಲೋವ್ಯಾಟ್ ಬೇಕಿದ್ದ ಶಾಲೆಗೆ 2 ಸಾಕಾಯಿತು. ಬಳಕೆ ಇಳಿಸದೆ ಪ್ಯಾನಲ್ ಏರಿಸಬೇಡಿ ಎಂದು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ. ಆದರೆ ಮಕ್ಕಳೇ ಕೂಡಿಸಿ ಕಳೆದು ತೋರಿಸಿದಾಗ ಆಡಳಿತ ಮಂಡಳಿಯವರು ಒಂದೇ ಮಾತಿಗೆ ಒಪ್ಪಿದರು.

ಎರಡನೇ ವಾರ 20 ವ್ಯಾಟಿನ ಪುಟ್ಟ ಪ್ಯಾನಲ್ ತಂದು ಅಂಗಳದಲ್ಲಿ ಇಡುತ್ತೇನೆ. ಅದರಲ್ಲಿ 36 ಸೌರಕೋಶಗಳು (ಸೆಲ್) ಸಾಲಾಗಿ ಜೋಡಿಸಿರುತ್ತವೆ, ಒಂದೊಂದೂ ಸುಮಾರು 0.6 ವೋಲ್ಟ್. ನೆರಳಿನಲ್ಲಿದ್ದ ಪ್ಯಾನಲನ್ನು ಆಗಷ್ಟೇ ಬಿಸಿಲಿಗೆ ತಂದಾಗ ಮಲ್ಟಿಮೀಟರ್, ಅಂದರೆ ವೋಲ್ಟ್ ಅಳೆಯುವ ಪುಟ್ಟ ಮೀಟರ್, 21.3 ವೋಲ್ಟ್ ತೋರಿಸಿತು. ಹುಡುಗಿಯೊಬ್ಬಳಿಗೆ ಮೀಟರಿನ ಪ್ರೋಬ್ (ತಂತಿಯ ತುದಿಯ ಕಡ್ಡಿ) ಹಿಡಿಯಲು ಕೊಟ್ಟು, ಅಲುಗಾಡಿಸಬೇಡ, ನಿಮಿಷಕ್ಕೊಮ್ಮೆ ಜೋರಾಗಿ ಓದು ಎಂದೆ. 21.0. 20.6. 20.1. ಕಾಲು ಗಂಟೆ ಕಳೆಯುವಷ್ಟರಲ್ಲಿ 19.4. ಬಿಸಿಲು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. "ಕೆಟ್ಟುಹೋಯ್ತಾ ಸರ್?" ಎಂದಳು. ಪ್ಯಾನಲಿನ ಹಿಂಬದಿ ಮುಟ್ಟಿ ನೋಡು ಎಂದೆ. ಮುಟ್ಟಿದವಳು ತಟ್ಟನೆ ಕೈ ತೆಗೆದಳು.

ಪ್ಯಾನಲಿಗೆ ಬೇಕಾದದ್ದು ಬೆಳಕು, ಬಿಸಿ ಅದಕ್ಕೆ ಶತ್ರು ಎಂಬುದು ಆ ಅಂಗೈಗೆ ಗೊತ್ತಾದಷ್ಟು ಚೆನ್ನಾಗಿ ಯಾವ ಪಾಠದಿಂದಲೂ ಗೊತ್ತಾಗುವುದಿಲ್ಲ. ಪ್ಯಾನಲಿನ ಮೇಲೆ ಬರೆದಿರುವ ವ್ಯಾಟ್ ಎಂಬುದು ಕೋಶ 25 ಡಿಗ್ರಿ ಇದ್ದಾಗ, ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬಿದ್ದಾಗ ಬರುವ ಅಳತೆ. ಸಿಲಿಕಾನ್ ಕೋಶ ಅದಕ್ಕಿಂತ ಒಂದೊಂದು ಡಿಗ್ರಿ ಕಾದಂತೆಲ್ಲ ಶೇ. 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ನಡುಮಧ್ಯಾಹ್ನ ತಾರಸಿಯ ಮೇಲೆ ಕೋಶ 65 ಡಿಗ್ರಿಗೆ ಏರಿತು ಅನ್ನಿ, ಶೇ. 12ರಿಂದ 16ರಷ್ಟು ಅಲ್ಲೇ ಹೋಯಿತು. ಪ್ಯಾನಲಿಗೂ ತಾರಸಿಗೂ ನಡುವೆ ಗಾಳಿಯಾಡಲು ಜಾಗ ಬಿಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ನೀರು ಕಾಯಿಸುವ ಸೋಲಾರ್ ಹೀಟರ್ ಬೇರೆ, ಇದು ಬೇರೆ ಎಂಬುದನ್ನೂ ಇದೇ ಹೊತ್ತಿನಲ್ಲಿ ಹೇಳಿಬಿಡುತ್ತೇನೆ. ದೊಡ್ಡವರಲ್ಲೂ ಎಷ್ಟೋ ಜನ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

ಆಮೇಲೆ ಅದೇ ಪ್ಯಾನಲಿಗೆ 12 ವೋಲ್ಟಿನ ಸಣ್ಣ ಫ್ಯಾನ್ ಕೊಟ್ಟು, 36ರಲ್ಲಿ ಒಂದೇ ಒಂದು ಕೋಶವನ್ನು ನೋಟ್‌ಬುಕ್ಕಿನಿಂದ ಮುಚ್ಚಿಸುತ್ತೇನೆ. ಫ್ಯಾನ್ ನಿಧಾನವಾಗಿ, ನಿಂತೇ ಹೋಗುತ್ತದೆ. ಮಕ್ಕಳು ನಂಬುವುದಿಲ್ಲ, ನೋಟ್‌ಬುಕ್ ತೆಗೆದು ಇಟ್ಟು ತೆಗೆದು ನೋಡುತ್ತಾರೆ. ಕೈ ಕೈ ಹಿಡಿದು ಸಾಲಾಗಿ ಓಡುವಾಗ ಒಬ್ಬ ನಿಂತರೆ ಸಾಲೇ ನಿಲ್ಲುತ್ತದಲ್ಲ, ಹಾಗೆ. ದೊಡ್ಡ ಪ್ಯಾನಲ್‌ಗಳಲ್ಲಿ ಸಾಮಾನ್ಯವಾಗಿ ನೆರಳು ಬಿದ್ದ ಭಾಗವನ್ನು ಬಿಟ್ಟು ಪ್ರವಾಹಕ್ಕೆ ಬದಲಿ ದಾರಿ ಕೊಡುವ ಮೂರು ಬೈಪಾಸ್ ಡಯೋಡ್ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೂ ಒಂದು ಮೂಲೆಯ ನೆರಳಿಗೆ ಮೂರನೇ ಒಂದು ಭಾಗ ಹೋಗಬಹುದು.

ಮಕ್ಕಳಿಗೆ ಇಷ್ಟವಾಗುವ ಇತಿಹಾಸವೂ ಇದರಲ್ಲಿದೆ. ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕ್ವೆರೆಲ್ ಕಂಡದ್ದು 1839ರಲ್ಲಿ. ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶ ಬಂದದ್ದು 1954ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನ ಚಾಪಿನ್, ಫುಲ್ಲರ್, ಪಿಯರ್ಸನ್ ಅವರಿಂದ. ಅದರ ದಕ್ಷತೆ ಆಗ ಶೇ. 6ರಷ್ಟಿತ್ತು, ಈಗ ನಾವು ತರುವ ಪ್ಯಾನಲ್‌ಗಳು ಶೇ. 20 ದಾಟಿವೆ. ಅಂದು ಅವರು ಜನರಿಗೆ ತೋರಿಸಲು ತಿರುಗಿಸಿದ್ದು ಒಂದು ಆಟಿಕೆ ಜೈಂಟ್ ವೀಲ್. ಇದನ್ನು ಕೇಳಿದ ಮೇಲೆ ಪ್ರತಿ ಶಾಲೆಯಲ್ಲೂ ರಟ್ಟಿನ ಜೈಂಟ್ ವೀಲ್ ತಯಾರಾಗುತ್ತದೆ, ನಾನು ಹೇಳುವುದೇ ಬೇಡ.

ಸುರಕ್ಷತೆಯಲ್ಲಿ ನಾನು ಸಡಿಲ ಬಿಡುವುದಿಲ್ಲ. ಮಕ್ಕಳ ಕೈಗೆ ಪುಟ್ಟ ಪ್ಯಾನಲ್ ಮಾತ್ರ. ತಾರಸಿಯ ಸಾಲಿನಲ್ಲಿ ನೂರಾರು ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಇರುತ್ತದೆ, ಬೆಳಕಿರುವವರೆಗೆ ಪ್ಯಾನಲನ್ನು ಆಫ್ ಮಾಡಲು ಬರುವುದಿಲ್ಲ. ಮನೆಗೆ ಬರುವ ಎಸಿ ಪ್ರವಾಹ ಸೆಕೆಂಡಿಗೆ ಎಷ್ಟೋ ಸಲ ಸೊನ್ನೆಗೆ ಬಂದು ಹೋಗುತ್ತದೆ, ಡಿಸಿ ಹಾಗಲ್ಲ. ಲೋಡ್ ಇರುವಾಗ ಕನೆಕ್ಟರ್ ಎಳೆದರೆ ಹತ್ತಿದ ಕಿಡಿ ತಾನಾಗಿ ಆರದೆ ಉರಿಯುತ್ತಲೇ ಇರಬಹುದು. ಮೇಷ್ಟ್ರಾದರೂ ಅಷ್ಟೇ, ಐಸೊಲೇಟರ್ (ಪ್ಯಾನಲ್ ಸಾಲನ್ನು ಬೇರ್ಪಡಿಸುವ ಸ್ವಿಚ್) ಆಫ್ ಮಾಡದೆ ಮುಟ್ಟುವ ಹಾಗಿಲ್ಲ.

ಊರವರ ಸಭೆಯಲ್ಲಿ ನಾನು ಹಿಂದೆ ಕೂತು ಮಕ್ಕಳನ್ನೇ ಮಾತಾಡಲು ಬಿಡುತ್ತೇನೆ. ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಕಡೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇಷ್ಟು ಬಿಸಿಲಿದೆ, ಕರೆಂಟ್ ಹೋದರೆ ಸೋಲಾರೂ ಯಾಕೆ ನಿಲ್ಲುತ್ತೆ?" ಒಮ್ಮೆ ಏಳನೇ ತರಗತಿಯ ಹುಡುಗಿ ಎದ್ದು ಹೇಳಿದಳು, "ಲೈನ್‌ಮನ್ ಅಣ್ಣ ಕಂಬ ಹತ್ತಿರ್ತಾರೆ. ಲೈನ್ ಆಫ್ ಆಗಿದೆ ಅಂದ್ಕೊಂಡಿರ್ತಾರೆ. ನಮ್ಮ ಸೋಲಾರ್ ಕರೆಂಟ್ ಕಳಿಸಿದ್ರೆ ಅವರ ಗತಿ ಏನು? ಅದಕ್ಕೇ ಇನ್ವರ್ಟರ್ ತಾನೇ ನಿಲ್ಲುತ್ತೆ." ನನ್ನ ಅರ್ಧ ಗಂಟೆಯ ವಿವರಣೆ ಅಲ್ಲಿಗೆ ಮುಗಿದಿತ್ತು.

ಶಾಲೆಯಲ್ಲಿ ನಾನು ಬಿಟ್ಟು ಬರುವುದು ಒಂದು ರಿಜಿಸ್ಟರ್. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತಿನ ರೀಡಿಂಗ್, ಆಕಾಶ ಹೇಗಿತ್ತು, ಪ್ಯಾನಲ್ ಒರೆಸಿದ್ದು ಯಾವಾಗ, ಬ್ಯಾಟರಿಗೆ ನೀರು ಹಾಕಿಸಿದ್ದು ಯಾವಾಗ. ಬರೆಯುವ ಸರದಿ ತರಗತಿಯಿಂದ ತರಗತಿಗೆ ಹೋಗುತ್ತದೆ. ಮೇಷ್ಟ್ರು ಬದಲಾದರೂ, ಹತ್ತನೇ ತರಗತಿಯವರು ಶಾಲೆ ಬಿಟ್ಟರೂ ಎಂಟನೆಯವರಿಗೆ ಗೊತ್ತಿರುತ್ತದೆ.

ಅಂಥ ಒಂದು ರಿಜಿಸ್ಟರ್ ಹಿಡಿದುಕೊಂಡು ಚಳಿಗಾಲದಲ್ಲಿ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಮೋಡವಿಲ್ಲದ ದಿನಗಳಲ್ಲೂ ಮಧ್ಯಾಹ್ನದಿಂದ ಸಂಜೆಯವರೆಗಿನ ಯೂನಿಟ್ ಮೂರು ವಾರದಿಂದ ಇಳಿಯುತ್ತಿದೆ, ಬೆಳಗಿನದು ಸರಿಯಿದೆ, ಮಕ್ಕಳು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾರೆ ಎಂದರು. ಹೋಗಿ ಮೂರು ಗಂಟೆಗೆ ತಾರಸಿಯ ಮೇಲೆ ನಿಂತೆ. ನೀರಿನ ಟ್ಯಾಂಕಿನ ನೆರಳು ಚಾಚಿಕೊಂಡು ಕೊನೆಯ ಎರಡು ಪ್ಯಾನಲ್‌ಗಳ ಕೆಳ ಅಂಚಿಗೆ ತಾಗಿತ್ತು, ನಾಲ್ಕು ಬೆರಳಿನಷ್ಟು. ಮಧ್ಯಾಹ್ನದ ಸೂರ್ಯ ವರ್ಷದಲ್ಲಿ ಸುಮಾರು 47 ಡಿಗ್ರಿಯಷ್ಟು ಉತ್ತರ ದಕ್ಷಿಣ ಓಡಾಡುತ್ತಾನೆ. ನಾನು ಜಾಗ ಅಳೆದಿದ್ದು ಬೇಸಿಗೆಯಲ್ಲಿ, ಅವನು ಎತ್ತರದಲ್ಲಿದ್ದಾಗ.

ಎರಡು ಪ್ಯಾನಲ್‌ಗಳನ್ನು ಬಿಚ್ಚಿ ಇನ್ನೊಂದು ತುದಿಗೆ ಹಾಕಿದೆವು. ಸಂಜೆ ನಾನು ಸಾಮಾನು ಕಟ್ಟುವಾಗ ಮಕ್ಕಳು ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು, ಪಕ್ಕದಲ್ಲಿ ಆ ದಿನದ ತಾರೀಖು ಬರೆಯುತ್ತಿದ್ದರು. ಮುಂದಿನ ತಿಂಗಳು ಇದೇ ಹೊತ್ತಿಗೆ ಇನ್ನೊಂದು ಗೆರೆ ಎಳೆಯುತ್ತೇವೆ ಸರ್, ಹನ್ನೆರಡು ಗೆರೆಯಾದ ಮೇಲೆ ಪೇಂಟ್ ಮಾಡುತ್ತೇವೆ ಎಂದರು.